ಡಾಕ್ಟರಮ್ಮ ಹಾಕಿದ ಗಂಟು

ನಮ್ಮ ಡಾಕ್ಟರಮ್ಮ ಎಷ್ಟು ಕುಳ್ಳಗಿದ್ದರೆಂದರೆ, ಆಪರೇಷನ್ ಟೇಬಲ್ಲಿನ ಪಕ್ಕ ಮರದ ಮಣೆ ಹಾಕದಿದ್ದರೆ ಅವರ ಮೊಣಕೈ ರೋಗಿಯ ಹೊಟ್ಟೆಯ ಮಟ್ಟಕ್ಕೇ ಬರುತ್ತಿರಲಿಲ್ಲ. ಆದರೆ ಒಮ್ಮೆ ಮಣೆ ಹತ್ತಿದರೆಂದರೆ ಅವರನ್ನು ಕೆಳಗಿಳಿಸುವ ಗಂಡು ರಾಯಚೂರಿನಲ್ಲಿ ಹುಟ್ಟಿರಲಿಲ್ಲ. ಹನ್ನೊಂದು ವರ್ಷ ಅವರ ಕೈಗೆ ಕತ್ತರಿ, ದಾರ ಕೊಟ್ಟ ಸಿಸ್ಟರ್ ನಾನು, ಮಾನ್ವಿಯವಳು.

ಹೆಂಡತಿಯ ಗರ್ಭಕೋಶ ತೆಗೆಸಲು ಬಂದ ಗಂಡಂದಿರಿಗೆ ಅವರ ಮೊದಲ ಮಾತು, "ಅದೇನ್ ಹುಳುಕು ಹಲ್ಲೇನ್ರಿ, ಕಿತ್ತು ಒಗಿಯಾಕ?" ಅರ್ಧ ಮಂದಿಗೆ ಗುಳಿಗೆ ಕೊಟ್ಟೇ ವಾಪಸ್ ಕಳಿಸುತ್ತಿದ್ದರು. ತೆಗೆಯಲೇಬೇಕಾದರೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ ಇಳಿಸಿ, ಮೊದಲು ಮೂತ್ರನಾಳ ಎಲ್ಲಿದೆಯೆಂದು ನೋಡಿ, ಅದಕ್ಕೆ ತಾಗದಂತೆ ಗರ್ಭಕೋಶದ ರಕ್ತನಾಳಗಳನ್ನು ಎರಡೂ ಬದಿ ಬುಡದಲ್ಲೇ ಕಟ್ಟುತ್ತಿದ್ದರು. ಕತ್ತರಿ ಕೇಳುವುದು ಆಮೇಲೆ. "ಕಾಲುವಿ ಗೇಟ್ ಹಾಕದೇ ಒಡ್ಡು ಕಡೀತಾರೇನು?" ಎನ್ನುವರು.

ಒಮ್ಮೆ ದೇವದುರ್ಗದ ಕಡೆಯ ಮಸರಕಲ್ಲಿನ ಹೆಂಗಸೊಬ್ಬಳು ಬಂದಳು. ಗರ್ಭಕೋಶದಲ್ಲಿ ಐದು ತಿಂಗಳ ಬಸುರಿನಷ್ಟು ದೊಡ್ಡ ಗಡ್ಡೆ, ರಕ್ತ ಹೋಗಿ ಬಿಳಿಚಿಕೊಂಡ ಮುಖ. ಅಪರೂಪದ ಗುಂಪಿನ ರಕ್ತ ಬೇರೆ, ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ ಬಾಟಲಿ. ಹಿರಿಯ ಸರ್ಜನ್ ಒಬ್ಬರು ನಕ್ಕರು: "ಹೊಟ್ಟಿ ತೆರೀರಿ, ಇಲ್ಲಾ ಹೈದರಾಬಾದಿಗೆ ಕಳಸ್ರಿ. ತೂತಿನಾಗ ಮಾಡೋ ಕೇಸ್ ಅಲ್ಲ ಇದು."

ಡಾಕ್ಟರಮ್ಮ ಎರಡೂ ಮಾಡಲಿಲ್ಲ. ಕಬ್ಬಿಣಾಂಶದ ಇಂಜೆಕ್ಷನ್ ಶುರು ಮಾಡಿ ಆಪರೇಷನ್ ಮುಂದೂಡಿದರು. ಅತ್ತೆ ಜಗಳಕ್ಕೇ ಬಂದಳು: "ಹತ್ತಿ ಬಿಡಸೋ ಟೈಮ್ ಬರಾಕತ್ತದ, ಲಗೂ ಕೊಯ್ದು ಕಳಸ್ರಿ."

"ಹತ್ತಿ ನೀವ ಬಿಡಸ್ರಿ ಯವ್ವಾ. ಅಕಿ ಮೈಯಾಗ ರಕ್ತ ತುಂಬೋತನಕ ನಾ ಕೈ ಹಚ್ಚಂಗಿಲ್ಲ."

ಐದು ವಾರದ ಮೇಲೆ ಟೇಬಲ್ಲಿಗೆ ತೆಗೆದುಕೊಂಡರು. ಆ ಗಡ್ಡೆಯ ಮರೆಯಲ್ಲಿ ರಕ್ತನಾಳ ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅರಿವಳಿಕೆ ಡಾಕ್ಟರು, "ಟೈಮ್ ಆಗಾಕತ್ತದ, ಮೇಡಂ" ಎಂದರು.

"ಗಡಿಯಾರ ನೋಡಬ್ಯಾಡ್ರಿ, ರಕ್ತ ನೋಡ್ರಿ."

ಎರಡನೇ ಗಂಟು ಬಿಗಿಯುತ್ತಲೇ ಪರದೆಯ ಮೇಲೆ ಕೆಂಪಗಿದ್ದ ಗರ್ಭಕೋಶ ಕಣ್ಣೆದುರೇ ಬಿಳಿಚಿತು. ಮುಂದಿನದೆಲ್ಲ ಸಲೀಸಾಯಿತು. ತಂದಿಟ್ಟಿದ್ದ ಒಂದು ಬಾಟಲಿ ರಕ್ತ ಬಳಸದೇ ವಾಪಸ್ ಹೋಯಿತು. ಮೂರನೇ ದಿನ ಆ ಹೆಂಗಸು ದೇವದುರ್ಗದ ಬಸ್ಸನ್ನು ತಾನೇ ಹತ್ತಿದಳು. ನನಗೇನೋ ನಕ್ಕಿದ್ದ ಆ ಸರ್ಜನ್ನರನ್ನು ಕರೆದು ಅವಳನ್ನು ತೋರಿಸಬೇಕೆನ್ನಿಸಿತ್ತು.

ಹೋದ ವರ್ಷ ಎದೆನೋವಿನಿಂದ ಡಾಕ್ಟರಮ್ಮ ತೀರಿಕೊಂಡರು. ಅಷ್ಟು ಜನರ ರಕ್ತ ಉಳಿಸಿದವರಿಗೆ ಸಾವು ಒಂದು ದಿನದ ವಾಯಿದೆಯನ್ನೂ ಕೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವರ ಜಾಗಕ್ಕೆ ಬಂದ ಹೊಸ ಡಾಕ್ಟರು ಮೊದಲ ದೊಡ್ಡ ಗಡ್ಡೆಯ ದಿನವೇ ಅವಸರದಲ್ಲಿದ್ದರು. ರಕ್ತನಾಳ ಕಟ್ಟುವ ಮೊದಲೇ "ಸಿಸ್ಟರ್, ಕತ್ತರಿ" ಎಂದರು. ನಾನು ದಾರ ಪೋಣಿಸಿದ ಸೂಜಿ ಹಿಡಿದು ಕೈ ಚಾಚಿದೆ.

"ಮೊದ್ಲ ರಕ್ತನಾಳ ಕಟ್ರಿ, ಸರ್."

"ನೀವೇನ್ ಡಾಕ್ಟರಾ?"

"ಅಲ್ರಿ ಸರ್" ಎಂದೆ. ಅವರು ಆ ಸೂಜಿ ತೆಗೆದುಕೊಳ್ಳುವವರೆಗೂ ನಾನು ಕೈ ಇಳಿಸಲಿಲ್ಲ.