ಯಾಕಕ್ಕನ ಸೇತುವೆ
ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಸ್ನಾತಕೋತ್ತರ ತರಗತಿಗೆಲ್ಲ ಹಿರಿಯಳಾದ ಎಂಜಿನಿಯರಮ್ಮನಿಗೆ ಸಹಪಾಠಿಗಳು ಇಟ್ಟ ಹೆಸರು ಯಾಕಕ್ಕ. ಮಾತೆತ್ತಿದರೆ ‘ಯಾಕೆ?’ ಎನ್ನುವಳು, ಬಾಗಿಲು ಕಿರುಗುಟ್ಟಿದರೂ ಅದನ್ನೂ ಕಾರಣ ಕೇಳಿಯೇ ಒಳಗೆ ಬರುವಳೆಂದು ಅವರ ನಗೆ. ಊರವರು ದಿನಾ ದಾಟುವ, ಎರಡು ವರ್ಷ ತಡವಾಗಿ ಮುಗಿದ ಸೇತುವೆಯ ಪ್ರಕರಣವನ್ನು ವಿಮರ್ಶಿಸಿ ಬರೆಯಲು ಮೇಷ್ಟ್ರು ಹೇಳಿದಾಗ ಉಳಿದವರೆಲ್ಲ ‘ಸಂವಹನದ ಕೊರತೆ’ ಎಂದು ಗೀಚಿ ಕೈತೊಳೆದುಕೊಂಡರು. ಅವಳು ಮಾತ್ರ ವಾರಗಟ್ಟಲೆ ಗ್ರಂಥಾಲಯದ ಕಿಟಕಿಯ ಬಳಿ, ಖಾಲಿ ಹಾಳೆಯ ಮೇಲೆ ಬಿಸಿಲು ಮೆಲ್ಲಗೆ ಸರಿಯುವುದನ್ನು ನೋಡುತ್ತ ಕೂತಳು. ಅರೆಗಟ್ಟಿದ ಕಂಬಗಳು ಮೊಣಕಾಲುದ್ದ ನೀರಿನಲ್ಲಿ ಯಾರನ್ನೋ ಕಾಯುತ್ತ ನಿಂತಂತೆ ಅವಳ ಕಣ್ಣಿಗೆ ಕಟ್ಟುತ್ತಿದ್ದವು. “ಕನಸು ಕಾಣ್ತಾ ಕೂತ್ರೆ ಅಂಕ ಬರಲ್ಲಮ್ಮ, ಬರೀರಿ,” ಎಂದರು ಮೇಷ್ಟ್ರು. “ಬರೀತೀನಿ ಸಾರ್. ಯಾರು ಯಾರ ಮಾತು ಕೇಳ್ಲಿಲ್ಲ ಅಂತ ಹೇಳ್ಬೇಕಲ್ಲ, ಅದೇ ಕಷ್ಟ,” ಎಂದಳು. ಕೊನೆಗೂ ಅವಳು ಒಪ್ಪಿಸಿದ ಹಾಳೆಗಳನ್ನು ಓದುತ್ತ ಓದುತ್ತ ಮೇಷ್ಟ್ರು ಕೊನೆಯ ಪುಟದಲ್ಲಿ ಕನ್ನಡಕ ತೆಗೆದಿಟ್ಟರು. ಅಲ್ಲಿ ಹೀಗಿತ್ತು: ‘ತಳದ ಮಣ್ಣು ಸಡಿಲವಿದೆಯೆಂದು ನಕ್ಷೆ ಬರೆಯುವವನೊಬ್ಬ ಮೊದಲ ವಾರವೇ ಪತ್ರ ಕೊಟ್ಟಿದ್ದ. ಮುಂದೆ ಅದರಿಂದಲೇ ಕೆಲಸ ನಿಂತಾಗ ತಪ್ಪೆಲ್ಲ ಅವನ ತಲೆಗೇ ಕಟ್ಟಿ ಕೆಲಸದಿಂದ ತೆಗೆದರು. ಆ ಪತ್ರವನ್ನು ಓದದೆ ಬದಿಗಿಟ್ಟ ಎಂಜಿನಿಯರ್ ಯಾರೆಂದು ಯಾವ ವರದಿಯಲ್ಲೂ ಇಲ್ಲ. ಅದು ನಾನು.’