ಹಿಟ್ಟನ್ನು ಮಾಂಸವೆಂದು ಬಡಿಸಲೊಪ್ಪದ ಕ್ಲೋರಿಂದಾ

ಕುರಾನಿಲಾವೆ ಊರಿನ ಮೇಲಿನ ಗುಡ್ಡದಲ್ಲಿ ಬೆಳಗಿನ ಐದು ಗಂಟೆ. ಮರ ಕಡಿಯುವವರ ಶಿಬಿರದ ಅಡುಗೆಮನೆಯಲ್ಲಿ ಕ್ಲೋರಿಂದಾ ಸೆಪುಲ್ವೆದಾ ಒಲೆಯ ಮುಂದೆ ನಿಂತಿದ್ದಾರೆ. ಅವರ ಕಥೆ ಬರೆದುಕೊಳ್ಳಲು ಬಂದ ನಾನು ಪಕ್ಕದ ಬೆಂಚಿನಲ್ಲಿ ಕುಳಿತಿದ್ದೇನೆ. ಎಡಗೈಯಲ್ಲಿ ಲೊಂಗಾನೀಸಾದ ಮಾಲೆ, ಬಲಗೈಯಲ್ಲಿ ಚಾಕು. ಬೆಳ್ಳುಳ್ಳಿ, ಜೀರಿಗೆ, ಕೆಂಪು ಮೆಣಸಿನ ಪುಡಿ ಬೆರೆಸಿದ ಹಂದಿಮಾಂಸವನ್ನು ಕರುಳಿಗೆ ತುಂಬಿ ಹೊಗೆಗೆ ಹಿಡಿದ ಈ ಸಾಸೇಜು ಬಾಣಲೆಗೆ ಬಿದ್ದ ಕೂಡಲೇ ತನ್ನ ಕೊಬ್ಬನ್ನು ತಾನೇ ಬಿಟ್ಟುಕೊಂಡು ಚುರುಗುಟ್ಟುತ್ತದೆ. ಅದರಲ್ಲೇ ಈರುಳ್ಳಿ ಬಾಡಿಸಿ, ಅರ್ಧ ಬೆಂದ ಮಸೂರ ಕಾಳಿನ ಹಂಡೆಗೆ ಸುರಿಯುತ್ತಾರೆ. ಇದು ಮಧ್ಯಾಹ್ನದ ಊಟ. ಆರೂವರೆಗೆ ಪಾತ್ರೆಗಳು ವ್ಯಾನ್ ಹತ್ತಬೇಕು.

ನಲವತ್ತಾರು ಗಂಡಸರಿಗೆ ಏಳು ಕಿಲೋ ಲೊಂಗಾನೀಸಾ, ನಾಲ್ಕು ಕಿಲೋ ಮಸೂರ, ಹದಿನೈದು ಕಿಲೋ ಆಲೂಗಡ್ಡೆ, ಮೂರು ದೊಡ್ಡ ಎಲೆಕೋಸು. ಬ್ರೆಡ್ಡಿನ ಹಿಟ್ಟನ್ನು ಮೂರೂವರೆಗೇ ಎದ್ದು ನಾದಿಟ್ಟಿದ್ದಾರೆ. ಅರವತ್ತೊಂದರ ಈ ಹೆಂಗಸಿನ ಬೆರಳಗಂಟುಗಳು ಚಳಿಗೆ ಊದಿಕೊಂಡು, ಬಿಸಿನೀರಿನಲ್ಲಿ ಅದ್ದದೆ ಮಡಚುವುದಿಲ್ಲ. ಮಲಗುವುದು ಅಡುಗೆಮನೆಗೆ ಅಂಟಿದ ತಗಡಿನ ಕೋಣೆಯಲ್ಲಿ. ಮನೆ ಕಾಣುವುದು ತಿಂಗಳಿಗೆ ಎರಡು ಸಲ. ಹದಿನಾಲ್ಕು ವರ್ಷದಿಂದ ಹೀಗೇ.

"ಇವತ್ತು ಮಂಗಳವಾರ ತಾನೆ, ಕ್ಲೋರಿಂದಕ್ಕಾ? ವಾಸನೆ ಹಾಸಿಗೇಲೇ ಎಬ್ಬಿಸ್ತು," ಎನ್ನುತ್ತಾ ಒಬ್ಬ ಇಣುಕುತ್ತಾನೆ.

"ಎಬ್ಬಿಸ್ತಲ್ಲ, ಹೋಗಿ ಮುಖ ತೊಳ್ಕೊ. ಕೈ ಬಾಣಲೆ ಹತ್ರ ಬಂದ್ರೆ ಅದನ್ನೂ ಹೆಚ್ಚಿ ಹಾಕ್ತೀನಿ."

ಕ್ಲೋರಿಂದಾ ಚಿಯ್ಯಾನ್ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದವರು. ಚಳಿಗಾಲ ಬಂತೆಂದರೆ ತಾಯಿ ಒಂದು ಹಂದಿ ಕಡಿಸಿ, ವರ್ಷಕ್ಕಾಗುವಷ್ಟು ತುಂಬಿ, ಒಲೆಯ ಮೇಲೆ ನೇತುಹಾಕುತ್ತಿದ್ದರು. ಏಳನೇ ವಯಸ್ಸಿಗೇ ಕರುಳು ತೊಳೆಯಲು ಕುಳಿತ ಕ್ಲೋರಿಂದಾ ಓದಿದ್ದು ಆರನೇ ತರಗತಿ. ಆದರೆ ಒಂದು ತುಂಡನ್ನು ಬೆರಳಲ್ಲಿ ಹಿಚುಕಿದರೆ ಸಾಕು, ಒಳಗಿರುವುದು ತೊಡೆಯ ಮಾಂಸವೋ ಬೇರೆಯೋ ಎಂದು ಹೇಳುತ್ತಾರೆ.

ಹೋದ ವರ್ಷ ಶಿಬಿರದ ಊಟದ ಗುತ್ತಿಗೆ ಬೇರೆ ಕಂಪನಿಯ ಕೈಗೆ ಹೋಯಿತು. ಲೊಂಗಾನೀಸಾ ನಿಂತಿತು, ಬೆಳಗಿನ ಮೊಟ್ಟೆಯೂ ನಿಂತಿತು. ಅವುಗಳ ಜಾಗಕ್ಕೆ ಹೆಸರಿಲ್ಲದ ಪ್ಲಾಸ್ಟಿಕ್ ಚೀಲಗಳಲ್ಲಿ ನುಣ್ಣನೆಯ ಬಿಳಿಚು ಸಾಸೇಜುಗಳು ಬಂದವು. ಬೆಳಿಗ್ಗೆ ಬ್ರೆಡ್ಡಿನೊಳಗೆ ಒಂದು, ಮಧ್ಯಾಹ್ನ ಅನ್ನದ ಮೇಲೆ ಎರಡು, ವಾರಕ್ಕೆ ಆರು ದಿನ. ಊಟದ ಮನೆಯ ಗೋಡೆಗೆ ಬಣ್ಣದ ಪಟ್ಟಿಯೂ ಅಂಟಿತು: 'ಸಮತೋಲನ ಆಹಾರ. ಹಂದಿಮಾಂಸದ ಸಾಸೇಜು, ನೂರು ಗ್ರಾಮಿಗೆ ಹದಿನೇಳು ಗ್ರಾಂ ಪ್ರೋಟೀನು.'

ದಿನಕ್ಕೆ ಒಂಬತ್ತು ಗಂಟೆ ಇಳಿಜಾರಿನಲ್ಲಿ ಗರಗಸದ ಯಂತ್ರ ಹಿಡಿಯುವವರ ಊಟ ಇದು! ಹತ್ತು ಗಂಟೆಗೇ ಜನ ಜೇಬಿನ ಒಣ ಬ್ರೆಡ್ಡು ಕಡಿಯತೊಡಗಿದರು. ಉಪ್ಪಿಗೆ ಬಾಯಾರಿ ನೀರಿನ ಕ್ಯಾನುಗಳು ಬೇಗ ಖಾಲಿಯಾದವು. ಕ್ಲೋರಿಂದಾ ಮೂರು ಸಲ ದೂರು ಬರೆದರು. ಉತ್ತರ ಬರಲಿಲ್ಲ.

ಜೂನ್ ತಿಂಗಳ ಒಂದು ದಿನ, ಹನ್ನೊಂದೂವರೆ. ನಿಬಾಲ್ದೊ ವೆಂಚುಲ್ ಎಂಬ ಮೂವತ್ತರ ಆಳು ಉರುಳಿಸಿದ್ದ ಪೈನ್ ಮರದ ಕೊಂಬೆ ಸವರುತ್ತಿದ್ದ. ಕಣ್ಣು ಕತ್ತಲಿಟ್ಟಿತು, ತೋಳು ಸೋತಿತು, ಯಂತ್ರ ಚಿಮ್ಮಿ ಎಡತೊಡೆಗೆ ಕಚ್ಚಿತು. ಜೀವ ಉಳಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದವನಿಗೆ ಮರದ ಕಂಪನಿಯಿಂದ ಪತ್ರ ಬಂತು: ತಪ್ಪು ಅವನದೇ; ತಲೆಸುತ್ತು ಎಂಬುದು ನೆಪ; ಅಂದು ಅವನಿಗೆ ಸಮತೋಲನ ಆಹಾರ ನೀಡಲಾಗಿತ್ತು, ಪಟ್ಟಿ ಲಗತ್ತಿಸಿದೆ.

"ಸಾಸೇಜೇ ಅವನ ಕಾಲು ಕುಯ್ತು ಅಂತ ನಾನು ಹೇಳಲ್ಲ. ಅಷ್ಟು ಓದಿಲ್ಲ ನಾನು," ಎನ್ನುತ್ತಾರೆ ಕ್ಲೋರಿಂದಾ. ಚಾಕು ಹಲಗೆಗೆ ಜೋರಾಗಿ ಬೀಳುತ್ತದೆ. "ಆದ್ರೆ ನಾನು ಬಡಿಸಿದ ತಟ್ಟೆನ ಅವನ ಮೇಲೆ ಸುಳ್ಳುಸಾಕ್ಷಿ ಹೇಳೋಕೆ ನಿಲ್ಲಿಸಿದ್ರಲ್ಲ, ಅದಕ್ಕೆ ಹೊಟ್ಟೆ ಉರೀತು."

ಆಲೂಗಡ್ಡೆ ಹೆಚ್ಚುವಾಗ ಬೆರಳು ಕುಯ್ದುಕೊಂಡು, ಟಿಂಚರ್ ಅಯೋಡಿನ್ ಹಚ್ಚಿಕೊಂಡ ದಿನವೊಂದಿತ್ತು. ತೊಟ್ಟೊಂದು ಆಲೂಗಡ್ಡೆಯ ಮೇಲೆ ಬಿದ್ದು ನೀಲಿಗಪ್ಪಾಯಿತು. ಶಿಬಿರದ ನರ್ಸನ್ನು ಕೇಳಿದಾಗ, ಹಿಟ್ಟಿನಂಶ ಇದ್ದಲ್ಲಿ ಹೀಗಾಗುತ್ತದೆ ಎಂದು ಆಕೆ ತಿಳಿಸಿದ್ದರು. ನಿಬಾಲ್ದೊನ ಪತ್ರದ ಸುದ್ದಿ ಕೇಳಿದಾಗ ಅದು ನೆನಪಾಯಿತು.

ವಿಚಾರಣೆಗೆ ಕಾರ್ಮಿಕ ಅಧಿಕಾರಿಣಿಯೊಬ್ಬರು ಬಂದರು. ಜೊತೆಗೆ ಗುತ್ತಿಗೆ ಕಂಪನಿಯ ಆಹಾರ ಅಧಿಕಾರಿ ಬಾಸ್ಕುನ್ಯಾನ್. ಗೋಡೆಯ ಪಟ್ಟಿ ಬರೆದವರು ಇವರೇ. ಊಟದ ಮೇಜಿನ ಮೇಲೆ ಕ್ಲೋರಿಂದಾ ಮೂರು ತಟ್ಟೆ ಇಟ್ಟರು: ಆಲೂಗಡ್ಡೆ ಹೋಳು, ಕಂಪನಿಯ ಸಾಸೇಜು, ತಂಗಿ ತುಂಬಿ ಕಳಿಸಿದ್ದ ಲೊಂಗಾನೀಸಾ.

"ಇದೇನ್ರೀ ಇದು? ಅಡುಗೆ ಸ್ಪರ್ಧೆನಾ?" ಎಂದರು ಬಾಸ್ಕುನ್ಯಾನ್.

"ಅಲ್ಲ ಸ್ವಾಮಿ. ಸ್ಪರ್ಧೆ ಆಗಿದ್ರೆ ನಿಮ್ದನ್ನ ಒಳಗೇ ಬಿಡ್ತಿರಲಿಲ್ಲ."

ಮೂರಕ್ಕೂ ಒಂದೊಂದು ತೊಟ್ಟು ಟಿಂಚರ್ ಅಯೋಡಿನ್ ಬಿಟ್ಟರು. ಆಲೂಗಡ್ಡೆ ಕಪ್ಪಾಯಿತು. ಕಂಪನಿಯ ಸಾಸೇಜೂ ಕಪ್ಪಾಯಿತು. ಲೊಂಗಾನೀಸಾದ ಮೇಲೆ ಕಂದು ತೊಟ್ಟು ಕಂದಾಗಿಯೇ ಉಳಿಯಿತು.

"ನೋಡಿ, ಇವೆರಡೂ ಅಣ್ಣತಮ್ಮಂದಿರು. ಹಂದಿಗೂ ಇದಕ್ಕೂ ಪರಿಚಯನೇ ಇಲ್ಲ."

"ಸ್ವಲ್ಪ ಹಿಟ್ಟು ಸಾಸೇಜಲ್ಲಿ ಇರುತ್ತಮ್ಮ. ಕಾನೂನಲ್ಲೂ ಅವಕಾಶ ಇದೆ."

"ಸ್ವಲ್ಪ ಅಂದ್ರೆ ಎಷ್ಟು? ಪೆಟ್ಟಿಗೆ ಮೇಲಿನ ಚೀಟಿ ತೋರ್ಸಿ. ಇಲ್ಲಿಗೆ ಬರೋ ಮುಂಚೆ ಪೆಟ್ಟಿಗೆ ಯಾಕೆ ಬಿಚ್ಚಿಡ್ತೀರಿ?"

ಅಧಿಕಾರಿಣಿ ಪೆನ್ನು ಕೆಳಗಿಟ್ಟು, ತನಗೂ ಆ ಚೀಟಿ ಬೇಕೆಂದರು. ಗೋದಾಮಿನಿಂದ ಪೆಟ್ಟಿಗೆ ಬಂತು. ಮೊದಲ ಪದಾರ್ಥ ನೀರು. ಎರಡನೆಯದು ಮೂಳೆಯಿಂದ ಕೆರೆದ ಕೋಳಿಮಾಂಸ, ಮೂರನೆಯದು ಪಿಷ್ಟ. ಹಂದಿಮಾಂಸ ಐದನೆಯ ಸ್ಥಾನದಲ್ಲಿ. ಪ್ರೋಟೀನು ಒಂಬತ್ತು ಗ್ರಾಂ. ಒಂಬತ್ತಿದ್ದದ್ದನ್ನು ಹದಿನೇಳು ಎಂದು ಬರೆದು, ಬಣ್ಣ ತುಂಬಿ, ಹಸಿದವರ ಕಣ್ಣೆದುರಿಗೇ ಅಂಟಿಸಿದ್ದರು! ಬಾಸ್ಕುನ್ಯಾನ್ ಅದನ್ನು 'ಮುದ್ರಣದೋಷ' ಎಂದರು.

ಪತ್ರದಿಂದ ಆಹಾರದ ಮಾತನ್ನೂ ತಪ್ಪು ಹೊರಿಸಿದ ಸಾಲನ್ನೂ ಮರದ ಕಂಪನಿ ಹಿಂದಕ್ಕೆ ಪಡೆಯಿತು. ಕ್ಷಮೆ ಕೇಳಲಿಲ್ಲ. ನಿಬಾಲ್ದೊ ಈಗ ಕುಂಟುತ್ತಾ ಕೆಳಗಿನ ಶೆಡ್ಡಿನಲ್ಲಿ ಗರಗಸದ ಸರಪಳಿ ಮಸೆಯುತ್ತಾನೆ. ಪಟ್ಟಿ ಬರೆದವರ ಕುರ್ಚಿ ಅಲುಗಲಿಲ್ಲ. ಶಿಕ್ಷೆಯಾದದ್ದು ಕ್ಲೋರಿಂದಾಗೆ: 'ಅಶಿಸ್ತು' ಎಂದು ಗುತ್ತಿಗೆ ಕಂಪನಿಯವರು ಒಲೆಯಿಂದ ಎಬ್ಬಿಸಿ ಪಾತ್ರೆ ತೊಳೆಯಲು ಹಾಕಿದರು. ಊದಿದ ಬೆರಳುಗಳನ್ನು ತಣ್ಣೀರಿಗೆ ತಳ್ಳಿದವರಿಗೆ ಶಿಸ್ತಿನ ಮಾತಾಡಲು ನಾಚಿಕೆಯಾಗಲಿಲ್ಲ.

ಆಳುಗಳು ಕೂಗಾಡಲಿಲ್ಲ. ಮರುದಿನ ಬೆಳಿಗ್ಗೆ ನಲವತ್ತೈದು ಮಂದಿ ತಟ್ಟೆ ಬೋರಲು ಹಾಕಿ ಸುಮ್ಮನೆ ಕುಳಿತರು. ಎರಡನೆಯ ದಿನವೂ ಅಷ್ಟೇ. ಗುಡ್ಡದಲ್ಲಿ ಒಂದು ಮರವೂ ಉರುಳಲಿಲ್ಲ. ಮೂರನೆಯ ದಿನ ಕ್ಲೋರಿಂದಾ ಒಲೆಯ ಮುಂದೆ ವಾಪಸಾದರು. ಊಟಕ್ಕೆ ಏನು ಬೇಕೆಂದು ಗುತ್ತಿಗೆ ಕಂಪನಿ ಕೇಳಿದಾಗ ಅವರು ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟು: ದಿನಾ ಬೆಳಿಗ್ಗೆ ಮೊಟ್ಟೆ, ವಾರಕ್ಕೆ ಎರಡು ದಿನ ಲೊಂಗಾನೀಸಾ, ಉಳಿದ ದಿನ ಮೀನು, ಕೋಳಿ, ಬೀನ್ಸ್ ಕಾಳು; ನಿತ್ಯ ಹಸಿ ತರಕಾರಿ, ಒಂದು ಕಿತ್ತಳೆ.

ದಿನಾ ಲೊಂಗಾನೀಸಾ ಯಾಕೆ ಬೇಡ ಎಂದು ಕೇಳಿದರೆ ಕ್ಲೋರಿಂದಾ ನನ್ನನ್ನೇ ಗದರುತ್ತಾರೆ. "ಇದೇನು ಅಮೃತನಾ? ಮಾಂಸ ಇದೆ, ರಕ್ತಕ್ಕೆ ಕಬ್ಬಿಣ ಇದೆ, ಕಸುವು ಕೊಡುತ್ತೆ. ಹಾಗೇನೇ ಉಪ್ಪೂ ಇದೆ, ಕೊಬ್ಬೂ ಇದೆ. ದಿನಾ ತಿಂದ್ರೆ ಎದೆ ಹಿಡ್ಕೊಂಡು ಕೂರಬೇಕು. ಕಾಳಿನ ಜೊತೆ, ಕೋಸಿನ ಜೊತೆ, ಅಳತೇಲಿ ತಿನ್ಬೇಕು. ಇಷ್ಟು ಹೇಳೋಕೆ ಬಣ್ಣದ ಪಟ್ಟಿ ಬೇಕಾ?"

ಆರೂವರೆ. ಪಾತ್ರೆಗಳು ವ್ಯಾನ್ ಹತ್ತಿವೆ. ಕ್ಲೋರಿಂದಾ ಏಪ್ರನ್ನಿಗೆ ಕೈ ಒರೆಸಿಕೊಂಡು ಮೊದಲ ಸಲ ಕೂರುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದೇ. ಆ ಬಾಸ್ಕುನ್ಯಾನ್ ಸಾಹೇಬ್ರು ಒಂದು ದಿನ ಬರ್ಲಿ. ಗರಗಸ ಹೊತ್ಕೊಂಡು ನಮ್ಮ ಹುಡುಗರ ಜೊತೆ ಸಂಜೆ ತನಕ ಗುಡ್ಡ ಹತ್ತಿ ಇಳೀಲಿ. ಆಮೇಲೆ ಈ ಬೆಂಚ್ ಮೇಲೆ ಕೂರ್ಲಿ. ಬೈಯಲ್ಲ ನಾನು. ಸಾಕು ಅಂತ ಅವರೇ ಕೈ ಅಡ್ಡ ಇಡೋ ತನಕ ಬಡಿಸ್ತೀನಿ."