ಐದನೆಯ ಜಿನ್ನಿನ ಮುಂದೆ

ಎಪ್ಪತ್ತರ ದಶಕದ ನಡುವಿನ ಒಂದು ಮಾರ್ಚ್, ಗುರುವಾರ, ಬೆಳಗಿನ ಹತ್ತೂವರೆ. ಅಣ್ಣಿಗೇರಿಯ ಹತ್ತಿರ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರಖಾನೆ. ಐದನೆಯ ಯಂತ್ರದ ಮುಂದೆ ಇದ್ದವರು ಮೂವರು: ಯಂತ್ರಕ್ಕೆ ಹತ್ತಿ ಉಣಿಸುವ ಮುದುಕಿ, ರಿಪೇರಿಯ ಮಿಸ್ತ್ರಿ, ಮೇಲ್ವಿಚಾರಕನಾದ ನಾನು. ನಡುವೆ ಸುಟ್ಟು ಕರಿದಾದ ಅರಳೆ, ಅದರ ಮೇಲೆ ನಾವು ಸುರಿದ ಉಸುಕು. ಬೆಂಕಿ ಆಗಷ್ಟೇ ಆರಿತ್ತು.

ಯಾರ ಕೆಲಸ ಯಾರದೆಂಬುದು ನಮ್ಮಲ್ಲಿ ಗೆರೆ ಕೊರೆದಂತಿತ್ತು. ಗೇಟಿನಲ್ಲಿ ಎತ್ತಿನ ಚಕ್ಕಡಿಯ ಹತ್ತಿಯೊಳಗೆ ಕೈಹಾಕಿ ಕಲ್ಲು, ಕಬ್ಬಿಣ ನೋಡುವುದು ನನ್ನದು. ರಾಶಿಯಲ್ಲಿ ಕಸ ಆರಿಸುವ ಹೆಂಗಸರು ಬೇರೆ, ಬುಟ್ಟಿ ಹೊರುವವನು ಬೇರೆ, ಉಣಿಸುವವಳು ಬೇರೆ. ಅವಳು ಮಿಸ್ತ್ರಿಯ ನಟ್ಟು ತಿರುಗಿಸುವ ಪಾನಾ ಮುಟ್ಟುವಂತಿಲ್ಲ, ಮಿಸ್ತ್ರಿ ಹತ್ತಿ ಮುಟ್ಟುವುದಿಲ್ಲ. ಬೀಡಿ ಸೇದುವವರು ಕಡ್ಡಿಪೆಟ್ಟಿಗೆಯನ್ನು ಗೇಟಿನ ಗೂಡಿನಲ್ಲಿಟ್ಟೇ ಒಳಗೆ ಬರಬೇಕು, ಒಬ್ಬೊಬ್ಬರಿಗೆ ಒಂದು ಗೂಡು. ಆ ದಿನ ಮಿಸ್ತ್ರಿಯ ಗೂಡು ಖಾಲಿ.

“ಕಡ್ಡಿಪೆಟ್ಟಿಗಿ ಎಲ್ಲಿ?” ಎಂದು ಕೇಳಿದೆ.

“ತಂದಿಲ್ರಿ. ಬೀಡಿ ಬಿಟ್ಟೇನ್ರಿ.”

“ಯಾವಾಗಿಂದ?”

“ನಿನ್ನಿಯಿಂದ್ರಿ.”

ಮುದುಕಿ ನಕ್ಕಳು. “ಹೋದ ವಾರನೂ ಬಿಟ್ಟಿದ್ದೆಲ್ಲೋ ತಮ್ಮಾ.”

“ಸುಮ್ನಿರಬೇ ಯವ್ವಾ, ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ.”

ಅವನ ಬೆರಳು ಮೂಸಿ ನೋಡಿದೆ. ಗ್ರೀಸಿನ ವಾಸನೆ. ಬಾಯಿಗೆ ಮೂಗು ತಂದೆ. ಎಲೆಅಡಿಕೆ. ಬೀಡಿಯ ವಾಸನೆ ಮುಚ್ಚಲೆಂದೇ ಹಾಕಿಕೊಂಡಿದ್ದಾನೆಂದು ತೀರ್ಮಾನಿಸಿ ಕಾರಖಾನೆಯ ಸಾವ್ಕಾರರಿಗೆ ಹೇಳಿಕಳಿಸಿದೆ. ಉತ್ತರ ಕೂಡಲೇ ಬಂತು: ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಮಿಸ್ತ್ರಿಯನ್ನು ಕೆಲಸದಿಂದ ಬಿಡಿಸಿ.

“ಯಂತ್ರ ಬಿಚ್ಚತೇನ್ರಿ,” ಎಂದ ಅವನು. ಅವನ ಕಿಸೆಗಳನ್ನು ಖಾಲಿ ಮಾಡಿಸಿ ನೋಡಿ, ಎದುರಿಗೇ ನಿಂತೆ. ರೋಲರಿಗೂ ಅಲಗಿಗೂ ನಡುವೆ ಎತ್ತಿನ ಲಾಳದ ತುಂಡೊಂದು ಸಿಕ್ಕಿಕೊಂಡಿತ್ತು. ಅದಕ್ಕೆ ಅರ್ಧ ಸುಟ್ಟ ಕರಿ ಅರಿವೆ ಸುತ್ತಿತ್ತು.

“ನೋಡ್ರಿ! ಅಲಗಿಗೆ ಬಡದು ಕಿಡಿ ಹಾರೇತ್ರಿ.”

“ನೀನ ಈಗ ತುರುಕಿರಬೇಕು.”

“ಕಿಸೆ ನೋಡೀರಲ್ರಿ ಸಾಹೇಬ್ರ. ಹಲ್ಲಾಗ ಹಿಡಕೊಂಡು ಬಂದಿದ್ನೇನ್ರಿ?”

ಮುದುಕಿ ಈಗ ನಗುತ್ತಿರಲಿಲ್ಲ. “ಅದು ದೃಷ್ಟಿ ಗಂಟ್ರಿ. ಮೊದಲ್ನೇ ಹತ್ತಿಗೆ ಕಣ್ಣ ತಾಗಬಾರದಂತ ಹೊಲದವ್ರು ಇಟ್ಟಿರತಾರ. ಬುಟ್ಟ್ಯಾಗ ನಾ ಕಂಡಿದ್ದೆ.”

“ಮತ್ತ ತಗೀಲಿಲ್ಲ ಯಾಕ?”

“ಮಂದೀ ದೃಷ್ಟಿ ಗಂಟು ಯಾರರ ಮುಟ್ಟತಾರೇನ್ರಿ? ಆರಸೋ ಹೆಂಗಸ್ರೂ ಮುಟ್ಟಿಲ್ಲ, ಹೊರೋ ಅವನೂ ಮುಟ್ಟಿಲ್ಲ. ನಾನೂ ಹತ್ತಿ ಕೂಡ ಹಂಗ ದೂಡಿದೆ.”

ಅವಳ ಮಾತನ್ನು ಸಂಶಯಿಸಲು ನನಗೆ ದಾರಿಯಿರಲಿಲ್ಲ. ಬೆಳಿಗ್ಗೆ ಏಳೂಕಾಲಿಗೆ ಆ ಚಕ್ಕಡಿಯಲ್ಲಿ ಕೈಹಾಕಿದಾಗ ಗಂಟು ನನ್ನ ಬೆರಳಿಗೂ ಸಿಕ್ಕಿತ್ತು. ಎಳೆದು, ಕರಿ ಅರಿವೆ ಕಂಡು, ಮತ್ತೆ ಒಳಗೇ ಬಿಟ್ಟಿದ್ದೆ. ಮನೆಯಲ್ಲಿ ಹೆಂಡತಿ ಬಸುರಿ. ಯಾರದೋ ಕಣ್ಣನ್ನು ಕೈಯಲ್ಲಿ ಮನೆಗೆ ಒಯ್ಯುವುದು ಬೇಡ, ಆರಿಸುವ ಹೆಂಗಸರು ತೆಗೆಯಲಿ ಎಂದುಕೊಂಡಿದ್ದೆ. ಮಿಸ್ತ್ರಿಯ ಬಾಯಿ ಮೂಸುವಾಗ ಅದು ನೆನಪಿಗೆ ಬಂದಿರಲಿಲ್ಲ. ಬರಗೊಡಲಿಲ್ಲವೋ ಏನೋ, ಆ ಸಂಶಯ ನನಗೆ ಇಂದಿಗೂ ಇದೆ.

ನಾಲ್ಕು ಗಂಟೆಗೆ ಸಾವ್ಕಾರರ ಮುಂದೆ ನಿಂತು, ತಪ್ಪು ಗೇಟಿನದು, ನನ್ನದು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಮಿಸ್ತ್ರಿ ನಿಮಗ ಏನರ ಆಗಬೇಕೇನ್ರಿ?”

“ಏನೂ ಆಗಬೇಕಿಲ್ರಿ.”

“ಹಂಗಾರ ಅವ ಇರಲಿ. ನಾಳಿಂದ ಗೇಟಿಗೆ ಬ್ಯಾರೆಯವರನ್ನ ನಿಲ್ಲಸ್ತೇನಿ.”

ಮರಳಿ ಬಂದು ಮಿಸ್ತ್ರಿಗೆ ಹೇಳಿದೆ. ಅವನು ಅಲಗು ಕೂರಿಸುತ್ತಿದ್ದ. ಎದ್ದು ಕೈ ಚಾಚಿದ. “ಮತ್ತೊಮ್ಮೆ ಮೂಸತೀರೇನ್ರಿ?”

ಐದೂವರೆಗೆ ಐದನೆಯ ಯಂತ್ರ ಮತ್ತೆ ತಿರುಗಿತು. ಆಮೇಲೆ ಲಾಳದ ತುಂಡನ್ನು ಬರಿಗೈಯಲ್ಲಿ ಎತ್ತಿಕೊಂಡು, ಅರಿವೆ ಬಿಚ್ಚಿ, ಗೇಟಿನಾಚೆಯ ಗುಜರಿ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡೆ.